ಗೋವಿಂದಮ್ಮ ಸೈಕಲ್ ಜಾಥಾಕ್ಕೆ ಹೋದದ್ದು

ಗೋವಿಂದಮ್ಮ ತಗಡೂರಿನ ಹತ್ತಿರದ ಹಳ್ಳಿಯವಳು. ಕೂಲಿಗೆ ಹೋಗುತ್ತಿದ್ದಳು. ತೊಂಬತ್ತರ ದಶಕದ ಮೊದಲಲ್ಲಿ ಊರಿಗೆ ಸಾಕ್ಷರತಾ ಆಂದೋಲನ ಬಂದಾಗ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತಳು. ಸೈಕಲ್ ಕಲಿಸಿದವನು ಗಂಡ ಕರಿಯಯ್ಯ. ಕ್ಯಾರಿಯರ್ ಹಿಡಿದು ಕೆರೆ ಏರಿಯ ಮೇಲೆ ಹಿಂದೆ ಹಿಂದೆಯೇ ಓಡುತ್ತಿದ್ದ. ಗೌರಿ ಹಬ್ಬದ ಹೊತ್ತಿಗೆ ಅವನಿಗೆ ಜ್ವರ ಬಂತು. ದಸರಾಕ್ಕೆ ಅವನಿರಲಿಲ್ಲ.

ಗೋವಿಂದಮ್ಮ ಅಳಲಿಲ್ಲ. ಹೇಳಿದ್ದು ಮಾಡುತ್ತಿದ್ದಳು, ಇಟ್ಟದ್ದು ಉಣ್ಣುತ್ತಿದ್ದಳು, ಉಳಿದ ಹೊತ್ತು ಗೋಡೆಗೆ ಒರಗಿ ಕೂರುತ್ತಿದ್ದಳು. ಅಕ್ಷರ ಕಲಿತ ಹೆಂಗಸರ ಸೈಕಲ್ ಜಾಥಾ ಊರೂರಿಗೆ ಹೊರಡುವ ಮುಂಚಿನ ದಿನ, ರಾತ್ರಿಶಾಲೆಯ ಗಂಗಾಧರಸ್ವಾಮಿ ಮೇಷ್ಟ್ರು ಬಂದು, "ನೀನ್ ಬರೋದ್ ಬ್ಯಾಡ ಕಣವ್ವ, ಸುಧಾರಿಸ್ಕೋ" ಎಂದರು.

ಒಳಗಿನಿಂದ ಅತ್ತೆ ಕೆಂಪಾಜಮ್ಮ, "ಓಗ್ಲಿ ಬುಡಿ ಸಾ. ಇಲ್ ಕುಂತ್ಕಂಡು ಏನ್ ಮಾಡಾಳು? ನಂಗೂ ನೋಡಕಾಗಕಿಲ್ಲ" ಎಂದಳು.

ಚಿತ್ತೆ ಮಳೆ ಜಿನುಗುತ್ತಲೇ ಇತ್ತು. ಸೀರೆ ಎತ್ತಿಕಟ್ಟಿಕೊಂಡು ಹೆಂಗಸರೆಲ್ಲ ಸಾಲಾಗಿ ಹೊರಟರು. ಭತ್ತದ ಗದ್ದೆಗಳು, ನಾಲೆಯ ಕೆಂಪು ನೀರು, ಮುಂದಿನವಳ ಒದ್ದೆ ಬೆನ್ನು. ನಾಲೆ ಏರಿಯಲ್ಲಿ ಗೋವಿಂದಮ್ಮನ ಚಕ್ರ ಜಾರಿತು. ಮಂಡಿ ತರಚಿ ರಕ್ತ ಬಂತು.

"ಅಯ್ಯೋ, ನೋವಾಯ್ತಾ ಅಕ್ಕ?" ಜೊತೆಗಿದ್ದ ರೋಜಾ ಓಡಿ ಬಂದಳು.

"ಇಲ್ಲ" ಎಂದಳು ಗೋವಿಂದಮ್ಮ. ನಿಜವಾಗಿಯೂ ಆಗಿರಲಿಲ್ಲ.

ನರಸೀಪುರದ ಸೇತುವೆ ದಾಟಿ ಸೋಸಲೆ ಸೇರಿದಾಗ ಮಧ್ಯಾಹ್ನ. ಶಾಲೆಯ ಜಗುಲಿಯಲ್ಲಿ ಜನ ಸೇರಿದ್ದರು. ಹಾಡು ಮುಗಿದ ಮೇಲೆ ಒಬ್ಬೊಬ್ಬಳೂ ಬೋರ್ಡಿನ ಮೇಲೆ ತನ್ನ ಹೆಸರು ಬರೆದು ತೋರಿಸಬೇಕು. ಗೋವಿಂದಮ್ಮ ಸೀಮೆಸುಣ್ಣ ಹಿಡಿದು ನಿಧಾನವಾಗಿ ಬರೆದಳು.

ಮುಂದೆ ಕುಳಿತಿದ್ದ ಮುದುಕಿಯೊಬ್ಬಳು ಕೇಳಿದಳು, "ಏನ್ ಬರ್ದಿದ್ದೀಯ ಮಗ?"

"ಕರಿಯಯ್ಯ."

"ಅದ್ಯಾರವ್ವ?"

"ನಮ್ಮೆಜಮಾನ್ರು."

ಮದುವೆಯಾದಂದಿನಿಂದ ಆ ಹೆಸರನ್ನು ಅವಳು ಒಮ್ಮೆಯೂ ಬಾಯಿಬಿಟ್ಟು ಹೇಳಿದವಳಲ್ಲ. ಈಗ ಏನಾದರೂ ಆದೀತೆಂದು ನಿಂತಳು. ಏನೂ ಆಗಲಿಲ್ಲ. ಮೇಷ್ಟ್ರು ತಲೆ ತಗ್ಗಿಸಿದ್ದರು. ರೋಜಾ ಮೆಲ್ಲಗೆ ಅವಳ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡಳು.

ಸಂಜೆ ಮನೆಗೆ ಬಂದಾಗ ಅತ್ತೆ, "ಎಂಗಾಯ್ತು?" ಎಂದಳು.

"ಮಳೆ" ಎಂದು ಗೋವಿಂದಮ್ಮ ಸೀರೆ ಹಿಂಡಿದಳು.

ಅಳು ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಬಿಸಿಲಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು, ಸುಮ್ಮನೆ ಬಂತು. ಕೆಂಪಾಜಮ್ಮ ಮೊರವನ್ನು ತನ್ನ ಕಡೆಗೆ ಎಳೆದುಕೊಂಡು ಉಳಿದ ಕಾಯಿ ಸುಲಿದಳು.