ಆಮಾ ಎನ್ನುತ್ತಿದ್ದ ಬೊಂಬೆ

ಮಧ್ಯಾಹ್ನ ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ನಮ್ಮ ಗೋಡೆಯ ಹಲಗೆಯ ಮೇಲಿದ್ದ ಮಣ್ಣಿನ ಬೊಂಬೆ ತಲೆಯಾಡಿಸಿತು. ಆಗ ನಾನು ಊಟಕ್ಕೆ ಕೂತು ಮುದ್ದೆ ಮುರಿಯುತ್ತಿದ್ದೆ. ಆ ತುತ್ತು ಇವತ್ತಿಗೂ ಗಂಟಲಿನಿಂದ ಕೆಳಗಿಳಿದಿಲ್ಲ ಎಂದರೆ ನೀವು ನಂಬಬೇಕು.

ಬೊಂಬೆ ಕೂಡಿಸುವ ಹುಚ್ಚು ನನಗೆ ಕಾಲೇಜಿನಲ್ಲೇ ಹಿಡಿದಿತ್ತು. ಬಿ.ಎ. ಮುಗಿಸಿ ನಂದಿದುರ್ಗ ಎಂಬ ಚಿನ್ನದ ಗಣಿಯ ಹತ್ತಿರದ ಶಾಲೆಗೆ ಮೇಷ್ಟರಾಗಿ ಬಂದ ಮೇಲೆ ಆ ಹುಚ್ಚಿಗೆ ಹೇಳಿ ಮಾಡಿಸಿದಂಥ ಊರೇ ಸಿಕ್ಕಿತು. ಗಣಿಗೆ ಎಲ್ಲೆಲ್ಲಿಂದಲೋ ಬಂದ ಬಿಳಿ ದೊರೆಗಳು ತಮ್ಮ ದೇಶಕ್ಕೆ ಮರಳುವಾಗ ಮಂಚ ಕುರ್ಚಿಗಳ ಜೊತೆಗೆ ಚಿಲ್ಲರೆ ಸಾಮಾನನ್ನೂ ಮಾರಿ ಹೋಗುತ್ತಿದ್ದರು. ಅದೆಲ್ಲ ಬಂಗಾರಪೇಟೆ ಸ್ಟೇಷನ್ನಿನ ಎದುರಿನ ಹಳೇ ಸಾಮಾನಿನ ಅಂಗಡಿಗೆ ಬಂದು ಬೀಳುತ್ತಿತ್ತು. ಇಟಲಿಯ ಯಾವನೋ ಬಡಗಿ ಕೆತ್ತಿದ ಮೂಗು ಸವೆದ ಮೇರಿಯಮ್ಮ, ಆಫ್ರಿಕಾದ ಗಣಿಯಲ್ಲಿ ದುಡಿದು ಬಂದವನೊಬ್ಬ ತಂದಿದ್ದ ಕರಿಮರದ ಮುಖವಾಡ, ಇಂಗ್ಲೆಂಡಿನ ಕಡೆಯ ಬಣ್ಣಗೆಟ್ಟ ಮರದ ಕುದುರೆ, ಎಲ್ಲವೂ ಅಲ್ಲಿನ ಗೋಣಿತಾಟಿನಿಂದ ನನ್ನ ಹಲಗೆಗೆ ಏರಿದವು. ಯಾವ ಕೈ ಮಾಡಿತು, ಯಾವ ಮಗು ಆಡಿತು ಎಂದು ಗೊತ್ತಿಲ್ಲದಿರುವುದೇ ಅವುಗಳ ಚೆಲುವು ಎಂದು ಆಗ ತಿಳಿದಿದ್ದೆ. ಹೆಸರಿಲ್ಲದ ವಸ್ತುವನ್ನು ಪ್ರೀತಿಸುವುದು ಸುಲಭ. ಅದು ನಮ್ಮಿಂದ ಏನನ್ನೂ ಕೇಳುವುದಿಲ್ಲ.

ಕೊಟ್ಟವರ ಹೆಸರಿನೊಡನೆ ಬಂದದ್ದು ಆ ಮಣ್ಣಿನ ಬೊಂಬೆಯೊಂದೇ. ನನ್ನ ತಮ್ಮ ನಂಜುಂಡ ಗಣಿಯೊಳಗೆ ಮರದ ಆಸರೆ ಕಟ್ಟುವ ಕೆಲಸದವನು. ಅವನ ಜೊತೆಗಾರ ಆರುಮುಗಂ ತಮಿಳು ಸೀಮೆಯ ತನ್ನೂರಿಗೆ ಹೋಗಿ ಬರುವಾಗ ಅದನ್ನು ಹುಲ್ಲಿನಲ್ಲಿ ಸುತ್ತಿ ತಂದಿದ್ದ. ಮೈ ಒಂದು ತುಂಡು, ತಲೆ ಇನ್ನೊಂದು ತುಂಡು. ಮುಟ್ಟಿದರೆ ಸಾಕು, ತಲೆ ಹಿಂದೆ ಮುಂದೆ ತೂಗುತ್ತಿತ್ತು.

“ಮೇಷ್ಟ್ರೇ, ನಿಮ್ಮ ದೊರೆ ಬೊಂಬೆಗಳೆಲ್ಲ ಬಲು ಜಂಬ, ಮಾತೇ ಆಡಲ್ಲ,” ಎಂದು ಆರುಮುಗಂ ನಕ್ಕಿದ್ದ. “ಇದು ನಮ್ಮಾಳು. ನೀವು ಏನಂದ್ರೂ ಆಮಾ, ಆಮಾ ಅಂತದೆ, ಹೌದು ಹೌದು ಅಂತ.”

“ನಿನ್ನಂಗೇ ಬಿಡ್ಲಾ,” ಎಂದಿದ್ದ ನಂಜುಂಡ. “ಮೇಸ್ತ್ರಿ ಏನಂದ್ರೂ ಆಮಾ!”

ಗಣಿಯ ಆಳದಲ್ಲಿ ಬಂಡೆ ಸಿಡಿದಾಗಲೆಲ್ಲ ನಮ್ಮ ಕಡೆಯ ಮನೆಗಳು ನಡುಗುತ್ತವೆ. ಪ್ರತಿ ಮನೆಯಲ್ಲೂ ಅದನ್ನು ಅಳೆಯುವ ಒಂದೊಂದು ಬಗೆ: ಒಬ್ಬರಿಗೆ ತೂಗುವ ಲಾಂದ್ರ, ಇನ್ನೊಬ್ಬರಿಗೆ ಕೊಡದೊಳಗಿನ ನೀರು. ನಮಗೆ ಬೊಂಬೆಗಳ ಹಲಗೆ. ಮರದ ಕುದುರೆ ಉರುಳಿದರೆ ಎದ್ದು ಓಡಬೇಕು. ಮಣ್ಣಿನ ಬೊಂಬೆ ಮಾತ್ರ ತಲೆಯಾಡಿಸಿದರೆ ಕೂತು ಉಣ್ಣಬಹುದು. ಆ ಮಧ್ಯಾಹ್ನವೂ ನಾನು ಎದ್ದೆ. ನನ್ನ ಹೆಂಡತಿ ಹಲಗೆಯತ್ತ ನೋಡಿ, “ಬರೀ ತಲೆ ಆಡ್ತೈತೆ. ಕೂತ್ಕಳಿ, ಸಾರು ಆರೋಯ್ತದೆ,” ಎಂದಳು. ನಾನು ಕೂತೆ. ಬಹಳ ಆಳದಲ್ಲಿ ಒಡೆದದ್ದು ಮೇಲಿನವರನ್ನು ಮುಟ್ಟುವ ಹೊತ್ತಿಗೆ ಎಷ್ಟು ಸಣ್ಣದಾಗಿರುತ್ತದೆ ಎಂಬುದು ನಮ್ಮ ಅಳತೆಯಲ್ಲಿ ಇರಲಿಲ್ಲ.

ಆಮೇಲೆ ಗಣಿಯ ಸೈರನ್ನಿನ ಕೂಗು ಎದ್ದಿತು, ನಿಲ್ಲಲೇ ಇಲ್ಲ.

ಗಣಿಬಾವಿಯ ಬಾಯಲ್ಲಿ ಹೆಂಗಸರು ಮೂರು ಭಾಷೆಗಳಲ್ಲಿ ಗೋಳಿಡುತ್ತಿದ್ದರು. ಆಳುಗಳನ್ನು ಹೊತ್ತ ಪಂಜರ ಮೇಲೆ ಬಂದಾಗಲೆಲ್ಲ ಗೋಳು ನಿಂತು, ಮುಖಗಳ ಗುರುತು ಹತ್ತಿದ ಮೇಲೆ ಮತ್ತೆ ಏಳುತ್ತಿತ್ತು. ಹೊತ್ತು ಮುಳುಗುವಾಗ ನಂಜುಂಡನನ್ನು ತಂದರು. ಕಾಲು ಮುರಿದಿತ್ತು, ಜೀವವಿತ್ತು. ಅವನ ಹಿಂದೆಯೇ ಮುಖಕ್ಕೂ ಕಂಬಳಿ ಹೊದಿಸಿ ತಂದದ್ದು ಆರುಮುಗಂನನ್ನು.

ನಂಜುಂಡನ ಕಾಲು ಕೂಡಿಕೊಂಡಿತು. ನಿದ್ದೆ ಮಾತ್ರ ಬರಲಿಲ್ಲ. ಅವನು ಗೋಡೆಗೊರಗಿ ಆ ಬೊಂಬೆಯನ್ನೇ ನೋಡುತ್ತ ಕೂತಿರುತ್ತಿದ್ದ. ಆಳದಲ್ಲಿ ದಿನವೂ ಸಿಡಿಸುವ ಮದ್ದಿಗೆ ಅದು ತಲೆಯಾಡಿಸಿದರೆ ಮೈಯೆಲ್ಲ ಬೆವರುತ್ತಿದ್ದ. ನಾನು ಅದನ್ನು ಪೆಟ್ಟಿಗೆಯೊಳಗಿಟ್ಟೆ. “ಅದೆಲ್ಲಣ್ಣ? ತಂದಿಡು,” ಎಂದು ಚೀರಿದ. ಮತ್ತೆ ಹಲಗೆಗೇ ಏರಿಸಿದೆ. ಅನ್ನ ಬಿಟ್ಟ, ಮಾತು ಬಿಟ್ಟ. ಗಣಿಯಿಂದ ಬದುಕಿ ಬಂದವನು ನನ್ನ ಮನೆಯಲ್ಲೇ ಕರಗಿ ಹೋಗುತ್ತಾನೆಂದು ನಾನೂ ಕಣ್ಣು ಮುಚ್ಚದೆ ಅವನನ್ನು ಕಾಯತೊಡಗಿದೆ. ಕೂತಲ್ಲೇ ಆ ಮಧ್ಯಾಹ್ನ ಮತ್ತೆ ಮತ್ತೆ ಬರುತ್ತಿತ್ತು: ತಲೆ ಆಡುತ್ತದೆ, ನಾನು ಏಳುತ್ತೇನೆ, ಕೂರುತ್ತೇನೆ.

ಒಂದು ಗುರುವಾರ ಆರುಮುಗಂನ ತಾಯಿ, ಮಗನ ಬಟ್ಟೆಬರೆಯ ಪೆಟ್ಟಿಗೆ ಒಯ್ಯಲು ಬಂದವಳು, ನಮ್ಮ ಮನೆಗೂ ಬಂದಳು. ಹಲಗೆಯ ಮೇಲಿನ ಬೊಂಬೆಯನ್ನು ಕಂಡು, “ಇದು ನಮ್ಮನೇದು. ಅವನು ಚಿಕ್ಕವನಿದ್ದಾಗ ಇದರ ಮುಂದೆ ಕೂರಿಸಿ ಸೋರು ಉಣ್ಣಿಸ್ತಿದ್ದೆ,” ಎಂದಳು. ನಂತರ ನಂಜುಂಡನ ಕಡೆ ತಿರುಗಿ, “ತಂಬಿ, ಅವನು ಒಂಟಿಯಾಗಿದ್ದನಾ?” ಎಂದು ಕೇಳಿದಳು.

ನನ್ನ ತಮ್ಮ ಬಾಯಿ ಬಿಟ್ಟದ್ದು ಆಗ.

“ಇಲ್ಲಮ್ಮ. ಕತ್ಲಲ್ಲಿ ಇಬ್ರೂ ಬಿದ್ದಿದ್ವಿ, ನಡುವೆ ಬಂಡೆ. ಇದ್ದೀಯೇನ್ಲಾ ಅಂತ ನಾನು ಕೂಗ್ತಿದ್ದೆ. ಆಮಾ ಅಂತಿದ್ದ. ಕೂಗಿದಾಗೆಲ್ಲ ಆಮಾ ಅಂತಿದ್ದ. ಆಮೇಲೆ... ಅನ್ಲಿಲ್ಲ. ನಾನು ಕೂಗೋದು ನಿಲ್ಲಿಸ್ಲಿಲ್ಲಮ್ಮ.”

ಅವಳು ಅಳಲಿಲ್ಲ. ಅವನ ತಲೆಯ ಮೇಲೆ ಕೈಯಿಟ್ಟಳು. ಹೊರಡುವಾಗ ನಂಜುಂಡನೇ ಕುಂಟುತ್ತ ಎದ್ದು ಬೊಂಬೆಯನ್ನು ಅವಳ ಮಡಿಲಿಗಿಟ್ಟ. ತೂಗುತ್ತಿದ್ದ ತಲೆಯನ್ನು ಅವಳು ಬೆರಳಿನಿಂದ ಮೆಲ್ಲಗೆ ಹಿಡಿದಳು, ಅದು ನಿಂತಿತು.

ಬಂಗಾರಪೇಟೆಯಲ್ಲಿ ನಾನೇ ಅವಳನ್ನು ರೈಲು ಹತ್ತಿಸಿದೆ. ಎದುರಿನ ಅಂಗಡಿಯ ಗೋಣಿತಾಟಿನ ಮೇಲೆ ಹೊಸದಾಗಿ ಬಂದ ಬೊಂಬೆಗಳಿದ್ದವು. ಅವನ್ನು ಕಳೆದುಕೊಂಡ ಮಕ್ಕಳು ಎಲ್ಲಿದ್ದಾರೋ ಎನ್ನಿಸಿ, ನಿಲ್ಲದೆ ಮನೆಗೆ ಬಂದೆ. ಹಲಗೆಯಲ್ಲಿ ಮೇರಿಯಮ್ಮನಿಗೂ ಕುದುರೆಗೂ ನಡುವೆ, ಧೂಳು ಕೂರದ ಒಂದು ದುಂಡನೆಯ ಜಾಗ ಉಳಿದಿತ್ತು. ಅದರ ಕೆಳಗೆ ನಂಜುಂಡ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಆ ಗುರುವಾರ ಮಲಗಿದವನು ಎದ್ದದ್ದು ಶುಕ್ರವಾರ ಬಿಸಿಲು ಬಂದ ಮೇಲೆ.