ಆತಂತ ತಿಳೀರಿ ಎಂಬ ತೊಟ್ಟಿಲು

ಹೋದ ಶನಿವಾರ ಸಿಂದಗಿ ಕೋರ್ಟಿನಲ್ಲಿ ನಾನು ಎದುರುಪಾರ್ಟಿಯ ದನಿಯಲ್ಲಿ ಸಾಕ್ಷಿ ಹೇಳಿದೆ.

ತಮಾಷೆ ಅಲ್ಲ. ಅವತ್ತು ಲೋಕ ಅದಾಲತ್ ಇತ್ತು. ಜಡ್ಜ್ ಮೇಡಂ ನನ್ನ ಅರ್ಜಿ ಓದಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಬಿಲ್ ಇದೆಯಾ?" ಎಂದರು. ಇಲ್ಲ. "ಏನಾದರೂ ಬರೆದುಕೊಟ್ಟಿದ್ದಾರಾ?" ಅದೂ ಇಲ್ಲ. "ಮತ್ತೆ ಅವರು ಏನು ಹೇಳಿದರು ಅನ್ನೋದಕ್ಕೆ ನಿಮ್ಮ ಹತ್ತಿರ ಏನಿದೆ?"

ನನ್ನ ಹತ್ತಿರ ಅವರ ದನಿ ಇತ್ತು. ರೆಕಾರ್ಡಿಂಗ್ ಅಲ್ಲ, ನನ್ನ ಗಂಟಲಲ್ಲೇ. (ಮದುವೆ ಮನೆಗಳಲ್ಲಿ, ಸಾಲಿ ಗ್ಯಾದರಿಂಗ್‌ಗಳಲ್ಲಿ ನನ್ನ ಮಿಮಿಕ್ರಿ ಸಹಿಸಿಕೊಂಡ ಓದುಗರಿಗೆ ಈ ರೋಗದ ಪರಿಚಯ ಇದೆ.) ಕೆಮ್ಮಿ ಗಂಟಲು ಸರಿಮಾಡಿಕೊಂಡು ಹೇಳಿಯೇಬಿಟ್ಟೆ:

"ಹಲೋ... ಹಾಂ, ಸರ... ತೊಟ್ಟಿಲಾ ಏನ್ರಿ? ಅದು ಆತಂತ ತಿಳೀರಿ."

ಹಾಲ್ ತುಂಬ ನಗು. ಬಾಗಿಲಲ್ಲಿ ನಿಂತಿದ್ದ ಪೊಲೀಸಪ್ಪನೂ ನಕ್ಕ. ನಗದೆ ಉಳಿದವರು ಒಬ್ಬರೇ, ಎದುರುಪಾರ್ಟಿಯಾದ ಇಂಡಿ ಊರಿನ ಬಡಿಗ ಮೌನೇಶಣ್ಣ. ಅವರು ಪಕ್ಕದವರತ್ತ ಬಾಗಿ ಮೆಲ್ಲಗೆ ಕೇಳಿದರು: "ನಾ ಹಿಂಗ ಮಾತಾಡ್ತೇನೇನ್ರಿ?"

ಇಷ್ಟು ದೂರ ಹೇಗೆ ಬಂತು ಎಂದು ಮೊದಲಿನಿಂದ ಹೇಳುತ್ತೇನೆ.

ನಮ್ಮ ಅಕ್ಕ ಬಾಣಂತನಕ್ಕೆ ತವರಿಗೆ ಬಂದಳು. ಹೆಣ್ಣು ಕೂಸು ಹುಟ್ಟಿತು. ಐದನೇ ತಿಂಗಳಿಗೆ ಕೂಸನ್ನು ಗಂಡನ ಮನೆಗೆ ಕಳಿಸುವಾಗ ತವರಿನ ತೊಟ್ಟಿಲು ಜೊತೆಗೆ ಹೋಗಬೇಕು, ನಮ್ಮಲ್ಲಿ ಅದು ಪದ್ಧತಿ. ತೊಟ್ಟಿಲಿಲ್ಲದೆ ಹೊರಟರೆ? ಮುಂದಿನ ಏಳು ಮದುವೆಗಳಲ್ಲಿ ಬೀಗರು ಊಟಕ್ಕೆ ಕೂತು ಅದನ್ನೇ ಮಾತಾಡುತ್ತಾರೆ ಎಂಬುದು ಅವ್ವನ ಲೆಕ್ಕ. ಕೂಸು ಹುಟ್ಟುವ ಮೊದಲೇ ತೊಟ್ಟಿಲು ಮಾಡಲು ಹೇಳಬಾರದು, ಅದೂ ಪದ್ಧತಿಯೇ. ಹಾಗಾಗಿ ಹೆಸರಿಡುವುದನ್ನು ನೆರೆಮನೆಯ ತೊಟ್ಟಿಲಲ್ಲಿ ಮುಗಿಸಿ, ಅವ್ವ ಇಂಡಿಯ ಬಸ್ಸು ಹತ್ತಿದಳು. ಮೌನೇಶಣ್ಣನ ಅಂಗಡಿಯಲ್ಲಿ ಸಾಗವಾನಿಯ ತೊಟ್ಟಿಲು ಹೇಳಿ, ಅಡ್ವಾನ್ಸ್ ಕೊಟ್ಟು ಬಂದಳು.

ಸಿಂದಗಿಯಲ್ಲಿ ಬಡಿಗರಿಲ್ಲವೇ ಎಂದು ನಾನೂ ಕೇಳಿದೆ. ಇದ್ದಾರೆ. ಆದರೆ ಅವ್ವ ಮಲಗಿದ್ದ ತೊಟ್ಟಿಲು ಮಾಡಿದ್ದು ಮೌನೇಶಣ್ಣನ ಅಜ್ಜ. ಚರ್ಚೆ ಅಲ್ಲಿಗೆ ಮುಗಿಯಿತು.

ಫೋನ್ ಮಾಡುವ ಇಲಾಖೆ ಮಾತ್ರ ನನಗೆ ಬಂತು.

ಮೊದಲ ಫೋನಿನಲ್ಲಿ ತೊಟ್ಟಿಲಿಗೆ ನಾಲ್ಕು ಗಿಳಿಗಳಿದ್ದವು. ಎರಡನೆಯ ಫೋನಿಗೆ ಆರಾದವು. ಮೂರನೆಯದಕ್ಕೆ ತಲೆಯ ಕಡೆ ಒಂದು ನವಿಲು ಬಂದು ಕೂತಿತು. ಯಾವಾಗ ಕೊಡ್ತೀರಿ ಎಂದರೆ, "ಬಣ್ಣ ಕುಡ್ಯಾಕತ್ತೈತ್ರಿ, ಅವಸರ ಮಾಡಬ್ಯಾಡ್ರಿ. ಕಟಗಿಗೂ ಒಂದ ಮನಸ ಇರತೈತಿ" ಎನ್ನುತ್ತಿದ್ದರು ಮೌನೇಶಣ್ಣ. ಆಮೇಲೆ ಆ ಕೊನೆಯ ಮಾತು: ಆತಂತ ತಿಳೀರಿ, ಅಂದರೆ ಆಯಿತೆಂದೇ ತಿಳಿಯಿರಿ.

ಫೋನ್ ಇಟ್ಟು ನಾನು ಕಣ್ಣು ಮುಚ್ಚುತ್ತಿದ್ದೆ. ತೊಟ್ಟಿಲು ಕಾಣುತ್ತಿತ್ತು. ಹಸಿರು ಗಿಳಿಗಳ ಕೊಕ್ಕಿಗೆ ಕೆಂಪು ಹಚ್ಚುತ್ತಿರುವುದು, ನವಿಲಿನ ಗರಿಯ ಒಂದೊಂದು ಕಣ್ಣನ್ನೂ ಯಾರೋ ಸಣ್ಣ ಉಳಿಯಿಂದ ತೆರೆಸುತ್ತಿರುವುದು. ತೊಟ್ಟಿಲು ತನ್ನಷ್ಟಕ್ಕೆ ತೂಗುತ್ತ ಇಂಡಿಯಿಂದ ಸಿಂದಗಿಯವರೆಗೆ ಜೋಳದ ತೆನೆಗಳ ಮೇಲೆ ತೇಲಿ ಬರುತ್ತಿತ್ತು. (ನಡುವೆ ಎಲ್ಲೂ ಸ್ಟಾಪ್ ಇಲ್ಲ.)

ನಮ್ಮ ಅರ್ಧ ಜೀವನ ನಡೆಯುವುದೇ ಈ 'ಆತಂತ ತಿಳೀರಿ'ಯೊಳಗೆ, ಅಲ್ಲವೇ? ಟೇಲರ್ ಹತ್ತಿರ ಇರುವ ಅಂಗಿ ಆತಂತ ತಿಳೀಬೇಕು. ಮನೆ ಮುಂದಿನ ಗಟಾರ ಆತಂತ ತಿಳೀಬೇಕು. ಮುದ್ದೇಬಿಹಾಳದ ನನ್ನ ಗೆಳೆಯನ ಮನೆಗೆ ಎರಡು ವರ್ಷದಿಂದ ಒಂದು ಕಿಟಕಿ ಬರಬೇಕಾಗಿದೆ. ಅವನು ಗೋಡೆಯ ಆ ಜಾಗದ ಎದುರು ಕುರ್ಚಿ ಹಾಕಿಕೊಂಡು ಸಂಜೆ ಗಾಳಿ ತಗೊಳ್ಳುತ್ತಾನೆ. ತಂಪಾಗಿರುತ್ತದಂತೆ. ನಾನು ನಂಬುತ್ತೇನೆ.

ಹೀಗೆ ತೊಟ್ಟಿಲು ಆಗುತ್ತಲೇ ಇತ್ತು, ಕೂಸು ಜೋಲಿಯಲ್ಲಿ ಬೆಳೆಯುತ್ತಿತ್ತು. ಜೋಲಿ ಎಂದರೆ ಅವ್ವನ ಹಳೆಯ ಇಳಕಲ್ ಸೀರೆಯನ್ನು ಜಂತಿಗೆ ಕಟ್ಟಿದ್ದು. ಮಧ್ಯಾಹ್ನ ಊಟ ಆದ ಮೇಲೆ ಹೊರಗೆ ಬಿಸಿಲು ಬೆಳ್ಳಗೆ ನಿಂತುಬಿಡುತ್ತದೆ. ಒಳಗೆ ಅವ್ವ ಒಂದು ಕೈಯಲ್ಲಿ ಜೋಲಿಯ ಹಗ್ಗ ಎಳೆಯುತ್ತ, ಇನ್ನೊಂದು ಕೈಯನ್ನು ತಲೆದಿಂಬು ಮಾಡಿಕೊಂಡು ಮಲಗಿರುತ್ತಿದ್ದಳು. ಅವಳಿಗೆ ನಿದ್ದೆ ಹತ್ತಿದರೂ ಕೈ ಹಗ್ಗ ಎಳೆಯುತ್ತಲೇ ಇರುತ್ತಿತ್ತು. ಜಂತಿ ಕಿರ್ ಎನ್ನುತ್ತಿತ್ತು. ಅಕ್ಕ ಅಲ್ಲೇ ಒರಗಿ ಬಾಯಿ ತೆರೆದು ಮಲಗಿರುತ್ತಿದ್ದಳು, ಸಾಲಿ ಹುಡುಗಿಯ ಹಾಗೆ. ನಾನು ಈ ಅಂಕಣ ಬರೆಯುತ್ತೇನೆ ಎಂದು ಹೇಳಿ ಅವರ ನಡುವೆ ಬಿದ್ದುಕೊಳ್ಳುತ್ತಿದ್ದೆ. ಮನೆಯೇ ಒಂದು ದೊಡ್ಡ ಜೋಲಿ. ಯಾರು ತೂಗುತ್ತಿದ್ದಾರೆ, ಯಾರು ಮಲಗಿದ್ದಾರೆ ತಿಳಿಯುತ್ತಿರಲಿಲ್ಲ.

ಈ ಸುಖದ ಹೊರಗೆ ಒಬ್ಬರು ನಿಂತಿದ್ದರು. ಅಕ್ಕನ ಗಂಡ, ನನ್ನ ಮಾಮಾ.

ಮಾಮಾ ಬಸವನ ಬಾಗೇವಾಡಿಯಲ್ಲಿ ಹೈಸ್ಕೂಲ್ ಮಾಸ್ತರು. ಪ್ರತಿ ರವಿವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಕೂಸು ಮಲಗಿದ್ದರೆ ಎಬ್ಬಿಸಬಾರದೆಂದು ಜೋಲಿಯ ಪಕ್ಕ ಕೂತಿರುತ್ತಿದ್ದರು. ಅದು ಏಳುವ ಹೊತ್ತಿಗೆ ಅವರ ವಾಪಸ್ ಬಸ್ಸಿನ ಹೊತ್ತಾಗಿರುತ್ತಿತ್ತು. ಒಮ್ಮೆ ಅವರು, "ತೊಟ್ಟಿಲಾ ನಾನಽ ಬಾಗೇವಾಡ್ಯಾಗ ತಗೊಂತೇನ್ರಿ ಅತ್ತಿ" ಎಂದದ್ದುಂಟು. ಅವ್ವ ಕಿವಿ ಮುಟ್ಟಿಕೊಂಡಳು. "ಅಯ್ಯ, ಅದು ತವರಿಂದನ ಬರಬೇಕ್ರಿ." ಅಕ್ಕನೂ ಅದನ್ನೇ ಅಂದಳು: "ಬರ್ಲಿ ತಡೀರಿ. ಇಲ್ಲಂದ್ರ ನಿಮ್ಮ ಅವ್ವಾರು ಏನಂದಾರು?"

ಮಾಮಾ ತಡೆದರು. ಐದನೇ ತಿಂಗಳು ಹೋಯಿತು, ಏಳು ಹೋಯಿತು.

ಒಂಬತ್ತರಲ್ಲಿ ಒಂದು ರವಿವಾರ ಮಾಮಾ ಬಂದವರೇ ಕೂಸಿಗೆ ಕೈ ಚಾಚಿದರು. ಅದು ನನ್ನ ಸೊಂಟದ ಮೇಲಿತ್ತು. ಅವರ ಮುಖ ನೋಡಿತು. ತುಟಿ ಉಬ್ಬಿಸಿತು. ನನ್ನ ಅಂಗಿಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ಚೀರಿ ಅತ್ತಿತು.

"ಹೊಸಾ ಮಂದಿ ಗುರುತ ಹಿಡಿಯಾಕತ್ತೈತಿ. ಶಾಣ್ಯಾ ಆಗೈತಿ" ಎಂದು ಅವ್ವ ನಕ್ಕಳು.

ಮಾಮಾ ಕೂಡ ನಕ್ಕರು. ಆಮೇಲೆ ಹೊರಗಿನ ಕಟ್ಟೆಯ ಮೇಲೆ ಕೂತು ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳತೊಡಗಿದರು. ಒಂದು ಪಟ್ಟಿಗೆ ಎಷ್ಟು ಹೊತ್ತು ಬೇಕು? ಮಾಮಾ ಪಾಠ ಹೇಳುವ ದನಿ, ಸೀನುವ ಶೈಲಿ, ಬಸ್ಸಿನ ಹಿಂದೆ ಓಡುವ ಓಟ ಎಲ್ಲವನ್ನೂ ನಾನು ಮಾಡಿ ತೋರಿಸಿದ್ದೇನೆ. ಅವತ್ತು ಅವರು ಕೂತ ರೀತಿಯನ್ನು ಮಾತ್ರ ಮಾಡಲು ನನಗೆ ಬಂದಿಲ್ಲ.

ಮರುದಿನವೇ ಜಗಳಕ್ಕೆಂದು ಇಂಡಿಗೆ ಹೋದೆ. ದಾರಿಯುದ್ದಕ್ಕೂ ಬೈಗುಳ ಪ್ರಾಕ್ಟೀಸ್ ಮಾಡಿದೆ, ಪಕ್ಕದ ಸೀಟಿನವರು ಎದ್ದು ಬೇರೆ ಕಡೆ ಹೋಗುವಷ್ಟು. ಮೌನೇಶಣ್ಣ ನನ್ನನ್ನು ನೋಡಿ, "ಬರ್ರಿ ಸರ, ಬಿಸಲಾಗ ಬಂದೀರಿ" ಎಂದು ಮಾಡಿಟ್ಟ ಹೊಸ ಮಂಚದ ಮೇಲೆ ಕೂಡಿಸಿದರು. ಚಹಾ ಬಂತು. ಉಳಿಯ ಟಕ್ ಟಕ್. ಸಾಗವಾನಿಯ ವಾಸನೆ. ಮಂಚದ ತಂಪು. ತೊಟ್ಟಿಲು ಎಲ್ಲಿ ಎಂದು ಕೇಳಬೇಕೆನ್ನುವಷ್ಟರಲ್ಲಿ...

ಎಚ್ಚರಾದಾಗ ನನ್ನ ಮೇಲೆ ಕಟ್ಟಿಗೆಯ ಹೊಟ್ಟು ಬಿದ್ದಿತ್ತು, ಸಿಂದಗಿ ಬಸ್ಸಿಗೆ ಹತ್ತು ನಿಮಿಷ ಉಳಿದಿತ್ತು. "ಆತಂತ ತಿಳೀರಿ" ಎಂದು ಅವರೇ ಬಸ್ ಸ್ಟ್ಯಾಂಡಿಗೆ ಬಿಟ್ಟರು. ಜಗಳಕ್ಕೆ ಹೋಗಿ ನಿದ್ದೆ ಮಾಡಿ ಬಂದವನು ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ನಾಚಿಕೆಯಾಯಿತು. ಮರುದಿನ ಕೋರ್ಟಿನಲ್ಲಿ ಕಾನೂನು ನೆರವು ಕೊಡುವ ಕೋಣೆಗೆ ಹೋಗಿ ಅರ್ಜಿ ಬರೆದೆ. ಅಲ್ಲಿದ್ದ ವಕೀಲ ಅಕ್ಕಾರು ಕೇಳಿದರು: "ನಿಮಗ ರೊಕ್ಕ ವಾಪಸ್ ಬೇಕೋ, ಸಾಮಾನ ಬೇಕೋ?" ತೊಟ್ಟಿಲೇ ಬೇಕು ಎಂದೆ. "ಗಿಳಿ ಎಷ್ಟು ಅಂತ ಬರೀಲಿ?" ಎಂದರು. ಅಷ್ಟು ಹೊತ್ತಿಗೆ ಫೋನಿನಲ್ಲಿ ಗಿಳಿಗಳು ಹನ್ನೆರಡಾಗಿದ್ದವು. ಬರೆಸಿದೆ.

ನೋಟಿಸ್ ಹೋಗಿದೆ ಎಂದು ಮನೆಯಲ್ಲಿ ಹೇಳಿದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಂತಿತು. "ಕೋರ್ಟ ಯಾಕ ಬೇಕಾಗಿತ್ತೋ ತಮ್ಮಾ? ಪಾಪ, ಅವನೂ ಮಕ್ಕಳೊಂದಿಗ." ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ಅವ್ವನ ಕೈಯಲ್ಲಿ ರೊಟ್ಟಿ ಸೀದದ್ದನ್ನು ನಾನು ಅದೇ ಮೊದಲು ನೋಡಿದ್ದು. ಆದರೂ ನನಗೆ ತಲೆ ಓಡಲಿಲ್ಲ. (ಓಡುವ ತಲೆ ಆಗಿದ್ದರೆ ಮಿಮಿಕ್ರಿ ಯಾಕೆ ಮಾಡುತ್ತಿದ್ದೆ?) "ಆರ್ಡರ್ ಕೊಟ್ಟವಳು ನೀನು, ಸಾಕ್ಷಿಗೆ ನೀನೂ ಬಾ" ಎಂದೆ.

ಹಾಗೆ ಶನಿವಾರ ಎಲ್ಲರೂ ಕೋರ್ಟಿನಲ್ಲಿದ್ದೆವು. ಮೂರನೇ ಬೆಂಚಿನಲ್ಲಿ ಅವ್ವ, ಕೂಸನ್ನೆತ್ತಿಕೊಂಡ ಅಕ್ಕ, ರಜೆ ಹಾಕಿ ಬಂದ ಮಾಮಾ. ನನ್ನ ಮಿಮಿಕ್ರಿ ಮುಗಿದು ನಗು ಇಳಿದ ಮೇಲೆ ಮೌನೇಶಣ್ಣ ಎದ್ದು ನಿಂತರು.

"ಮೇಡಂರ, ಈ ಸರ ಹೇಳಿದ್ದೆಲ್ಲಾ ಖರೇ ಐತ್ರಿ. ದನೀನೂ ಖರೇನ. ಆದ್ರ ತೊಟ್ಟಿಲಾ ತಯಾರಾಗಿ ಐದ ತಿಂಗಳಾತ್ರಿ. ಅವತ್ತ ಇವರು ನಮ್ಮ ಅಂಗಡ್ಯಾಗ ಮಲಗಿದ್ರಲ್ರಿ, ಇವರ ಮಗ್ಗಲದಾಗನ ಇತ್ತು. ತಾಡಪತ್ರಿ ಹೊಚ್ಚಿದ್ದೆ."

"ಮತ್ತೆ ಕೊಡಲಿಲ್ಲ ಯಾಕೆ?"

"ಕೊಡಬ್ಯಾಡ ಅಂದಾರ್ರಿ."

"ಯಾರು?"

ಮೌನೇಶಣ್ಣ ಮೂರನೇ ಬೆಂಚಿನತ್ತ ಒಮ್ಮೆ ನೋಡಿ ತಲೆ ತಗ್ಗಿಸಿದರು. ಅಲ್ಲಿ ನನ್ನ ಏಕೈಕ ಸಾಕ್ಷಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಎದ್ದು ನಿಂತಳು.

"ನಾನಽ ಹೇಳೀನ್ರಿ" ಎಂದಳು ಅವ್ವ. "ಮಗಾ ಫೋನ್ ಹಚ್ಚಿದ್ರ ಏನರೆ ಒಂದ ಹೇಳು, ತೊಟ್ಟಿಲಾ ಮಾತ್ರ ಕಳಸಬ್ಯಾಡ ಅಂದೀನಿ."

"ಯಾಕಮ್ಮ?"

"ತೊಟ್ಟಿಲಾ ಬಂತಂದ್ರ ಕೂಸು ಹೋಗತೈತ್ರಿ."

ಯಾರೂ ನಗಲಿಲ್ಲ. ಮೌನೇಶಣ್ಣ ನನ್ನ ಕಡೆ ತಿರುಗಿ, ತಪ್ಪು ತಮ್ಮದೇ ಎಂಬಂತೆ ಹೇಳಿದರು: "ನೀವು ಕೇಳಿದಾಗೊಮ್ಮೆ ನಾ ಏನ ಹೇಳಬೇಕ್ರಿ ಸರ? ಅದಕ ಒಂದೊಂದ ಗಿಳಿ ಹೆಚ್ಚ ಮಾಡ್ಕೊಂತ ಹೋದ್ನಿ."

ಅಕ್ಕ "ಯವ್ವಾ..." ಎಂದು ಕೂಸನ್ನು ಎದೆಗೆ ಒತ್ತಿಕೊಂಡಳು. ಮಾತಾಡಿದ್ದು ಮಾಮಾ, ಅದೂ ಪಕ್ಕದವರಿಗೆ ಕೇಳದಷ್ಟು ಮೆತ್ತಗೆ. "ಅತ್ತಿ, ಇನ್ನ ನಾಕ ದಿನ ಇರ್ಲಿ ಅಂತ ನನಗೊಂದ ಮಾತ ಹೇಳಬಾರದೇನ್ರಿ?"

"ಹೇಳಿದ್ರ ನೀವು ಹೂಂ ಅಂತಿದ್ರಿ" ಎಂದಳು ಅವ್ವ. "ನೀವು ಹೂಂ ಅನ್ನೋ ಮಂದೀನಽ. ಅದಕಽ ಕೇಳಾಕ ಬಾಯಿ ಬರಲಿಲ್ಲ."

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಮೈಸೂರು ಕಡೆಯವರು, ಮೆಲ್ಲಗೆ ಮಾತಾಡುತ್ತಾರೆ. (ಅವರ ಮಿಮಿಕ್ರಿ ಮಾಡುವ ಧೈರ್ಯ ನನಗಿಲ್ಲ. ಮನೆಯಲ್ಲಿ ಎರಡೇ ಸಲ ಮಾಡಿದ್ದೇನೆ.) "ಆರ್ಡರ್ ಕೊಟ್ಟವರು ನೀವು, ನಿಲ್ಲಿಸಿದವರೂ ನೀವು. ಹಾಗಾದರೆ ದಿನವನ್ನೂ ನೀವೇ ಹೇಳಿ ಅಮ್ಮ. ಯಾವತ್ತು ತರಿಸೋಣ?"

ಅವ್ವ ಬೆರಳು ಮಡಿಚತೊಡಗಿದಳು. ಮಂಗಳವಾರ ಹೆಣ್ಣುಮಕ್ಕಳನ್ನು ಕಳಿಸಬಾರದು. ಶುಕ್ರವಾರ ಲಕ್ಷ್ಮಿ ಹೊರಗೆ ಹೋಗಬಾರದು. ಮುಂದಿನ ವಾರ ಅಮಾವಾಸ್ಯೆ. ವಾರಗಳೆಲ್ಲ ಮುಗಿಯುತ್ತ ಬಂದವು, ಮೇಡಂ ಪೆನ್ನು ಹಿಡಿದು ಕಾಯುತ್ತಲೇ ಇದ್ದರು. ಆಗ ಕೂಸು ಅಕ್ಕನ ತೊಡೆಯಿಂದ ಜಾರಿ, ಬೆಂಚಿನ ಮೇಲೆ ಅಂಬೆಗಾಲಿಕ್ಕುತ್ತ ಮಾಮಾನ ಹತ್ತಿರ ಹೋಗಿ ನಿಂತಿತು. ಮಾಮಾ ಕೈ ಚಾಚಲಿಲ್ಲ. ಮುಟ್ಟಿದರೆ ಅತ್ತೀತೆಂದು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಉಸಿರು ಹಿಡಿದು ಕೂತರು.

ಅವ್ವ ಅದನ್ನು ನೋಡಿದಳು. ಮಡಿಚಿದ ಬೆರಳುಗಳನ್ನೆಲ್ಲ ಬಿಟ್ಟಳು.

"ನಾಳೆ ತರಸ್ರಿ" ಎಂದಳು.

ತೊಟ್ಟಿಲು ರವಿವಾರ ಬಂತು. ಗಿಳಿಗಳು ನಾಲ್ಕೇ, ಅದರಲ್ಲಿ ಒಂದರ ಕೊಕ್ಕು ವಾರೆ. ನವಿಲು ಇರಲೇ ಇಲ್ಲ. ಸೋಮವಾರ ಗೂಡ್ಸ್ ಟೆಂಪೋದಲ್ಲಿ ಅದನ್ನಿಟ್ಟು ಹಗ್ಗ ಬಿಗಿದವನು ನಾನೇ. ಖಾಲಿ ಹೋಗಬಾರದೆಂದು ಅವ್ವ ಅದರೊಳಗೆ ಒಂದು ಕೌದಿ ಮಡಿಸಿ ಮಲಗಿಸಿದಳು. ಮುಂದಿನ ಸೀಟಿನಲ್ಲಿ ಕೂಸು ಮಾಮಾನ ತೊಡೆಯ ಮೇಲೆ ಕೂತು ಓಣಿಯ ತಿರುವಿನವರೆಗೂ ಅಳುತ್ತಿತ್ತು. ಆಮೇಲೆ ಕೇಳಿಸಲಿಲ್ಲ. ಅದು ಸುಮ್ಮನಾಯಿತೋ, ಗಾಡಿ ದೂರ ಹೋಯಿತೋ.

ನಿನ್ನೆ ಅಕ್ಕ ವಿಡಿಯೋ ಕಳಿಸಿದ್ದಳು. ಕೂಸು ಮಾಮಾನ ಎದೆಯ ಮೇಲೆ ಬೋರಲು ಮಲಗಿದೆ. ಅವರು ಏಳುವ ಹಾಗಿಲ್ಲ, ಸಾಲಿಗೆ ಹೊತ್ತಾಗಿದೆ, ಆದರೂ ಕಣ್ಣಲ್ಲೇ ನಗುತ್ತಿದ್ದಾರೆ. ತೊಟ್ಟಿಲಲ್ಲಿ ಸದ್ಯ ಇಸ್ತ್ರಿಗೆ ಹೋಗಬೇಕಾದ ಬಟ್ಟೆಗಳಿವೆ. ಅವ್ವ ಆ ವಿಡಿಯೋವನ್ನು ಆರು ಸಲ ನೋಡಿ, ಏಳನೆಯ ಸಲ ನೋಡುತ್ತ ಮಧ್ಯಾಹ್ನದ ನಿದ್ದೆಗೆ ಜಾರಿದಳು. ಕೈ ಮಾತ್ರ ಗಾಳಿಯಲ್ಲಿ ಇಲ್ಲದ ಹಗ್ಗ ಎಳೆಯುತ್ತಿತ್ತು.

ಕೋರ್ಟಿನ ರಾಜಿ ಕಾಗದದ ಪ್ರತಿ ಈಗ ನನ್ನ ಮುಂದಿದೆ. ಕೊನೆಯ ಸಾಲು ಹೀಗಿದೆ: 'ಅರ್ಜಿದಾರರಿಗೆ ಇನ್ನು ಯಾವುದೇ ಬೇಡಿಕೆ ಉಳಿದಿರುವುದಿಲ್ಲ.' ಕೆಳಗೆ ನನ್ನ ಸಹಿ, ದೊಡ್ಡದಾಗಿ.

ಕೋರ್ಟಿನಲ್ಲಿ ಸುಳ್ಳಿಗೆ ಸಹಿ ಹಾಕಿದರೆ ಯಾವ ಕಲಂ ಬೀಳುತ್ತದೆ, ವಕೀಲ ಓದುಗರು ಯಾರಾದರೂ ಹೇಳುವಿರಾ?