‘ಆಗಂಗಿಲ್ಲ’ ಎನ್ನುತ್ತಿದ್ದ ಕೇಕಿನ ಅಕ್ಕ

ಕ್ರೀಮಿನ ಚೀಲ ಕೈಗೆತ್ತಿಕೊಳ್ಳುವ ಮುಂಚೆ ಅಕ್ಕ ಬಲಗೈಯ ಹಸಿರು ಗಾಜಿನ ಬಳೆಗಳನ್ನೆಲ್ಲ ಮೊಣಕೈಯತ್ತ ಏರಿಸಿ, ಕೆಳಗೆ ಜಾರದಂತೆ ಒಂದು ರಬ್ಬರ್ ಬ್ಯಾಂಡ್ ಹಾಕಿಕೊಳ್ಳುತ್ತಿದ್ದರು. ಸಂಜೆ ಬಿಚ್ಚಿದಾಗ ಆ ಜಾಗದಲ್ಲಿ ಕೆಂಪನೆಯ ಗೆರೆ ಮೂಡಿರುತ್ತಿತ್ತು. ಅದನ್ನು ಹೆಬ್ಬೆರಳಿನಿಂದ ತಿಕ್ಕಿಕೊಳ್ಳುತ್ತ ಅವರು ಮಂಡಕ್ಕಿ ಒಗ್ಗರಣಿ, ಮಿರ್ಚಿ ತರಿಸುತ್ತಿದ್ದರು. ದಿನವಿಡೀ ಕೇಕು ಮಾಡುವ ಆ ಹೆಂಗಸು ಕೇಕಿನ ಚೂರನ್ನೂ ಬಾಯಿಗೆ ಹಾಕುತ್ತಿರಲಿಲ್ಲ. “ಸಿಹಿ ನೋಡಿ ನೋಡಿ ನಾಲಿಗಿ ಸತ್ತೈತಿ, ಖಾರ ಬಿದ್ರ ಎದ್ದು ಕುಂದರ್ತೈತಿ” ಎನ್ನುತ್ತಿದ್ದರು.

ಹೊಸಪೇಟೆಯ ಸ್ಟೇಷನ್ ರಸ್ತೆಯ ಹಿಂದಿನ ಗಲ್ಲಿಯಲ್ಲಿ ಅವರದೊಂದು ಸಣ್ಣ ಅಂಗಡಿ. ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿದ್ದ ನಾನು ಕಂಪ್ಲಿಯಿಂದ ಬೆಳಗಿನ ಬಸ್ಸಿಗೆ ಬಂದು ಅಲ್ಲಿ ಕೆಲಸ ಮಾಡುತ್ತಿದ್ದೆ. ಕೇಕು ಬೇಯಿಸುವುದನ್ನು ಕೆಲವೇ ತಿಂಗಳಲ್ಲಿ ಕಲಿತೆ. ಗಿರಾಕಿಗಳ ಜೊತೆ ಮಾತಾಡುವುದನ್ನು ಕಲಿಯಲು ವರ್ಷಗಳೇ ಹಿಡಿದವು.

ಆರ್ಡರ್ ಕೊಡುವಾಗ ಎಲ್ಲರೂ ಸರಳವಾಗಿಯೇ ಕೇಳುತ್ತಾರೆ. ಕೇಕು ಅರ್ಧ ಆದ ಮೇಲೆ ಅವರಿಗೆ ಆಸೆಗಳು ಹುಟ್ಟುತ್ತವೆ. ಒಬ್ಬರಿಗೆ ಮಗುವಿನ ಫೋಟೋ ಬೇಕು, ಇನ್ನೊಬ್ಬರಿಗೆ ಬಣ್ಣ ಬದಲಾಗಬೇಕು. ಹಂಪಿಯಲ್ಲಿ ಹೋಂಸ್ಟೇ ನಡೆಸುವವರೊಬ್ಬರು ಕಲ್ಲಿನ ರಥವನ್ನೇ ಸಕ್ಕರೆಯಲ್ಲಿ ಮಾಡಿ ಕೇಕಿನ ಮೇಲೆ ನಿಲ್ಲಿಸಿರಿ ಎಂದಿದ್ದರು. “ರಥ ನಿಲ್ತೈತ್ರಿ, ಕೇಕು ನಿಲ್ಲಂಗಿಲ್ಲ” ಎಂದು ಅಕ್ಕ ಆಗಿಂದಾಗಲೇ ಹೇಳಿಬಿಟ್ಟರು. ಅವರ ಗುಣವೇ ಹಾಗೆ. ನನಗೂ ಅದನ್ನೇ ಹೇಳಿಕೊಟ್ಟರು: “ಆಗಂಗಿಲ್ಲ ಅನ್ನೋದನ್ನ ಜಲ್ದಿ ಹೇಳಬೇಕು. ಅವರಿಗೆ ಬ್ಯಾರೆ ದಾರಿ ಹುಡುಕಾಕ ಟೈಮ್ ಸಿಗ್ತೈತಿ. ಆಗ್ತೈತಿ ಅನ್ನೋದನ್ನ ಮಾತ್ರ ವಿಚಾರ ಮಾಡಿ ಹೇಳು.”

ಮರಿಯಮ್ಮನಹಳ್ಳಿಯ ಲಾರಿ ಮಾಲೀಕರೊಬ್ಬರ ಪ್ರಸಂಗ ಚೆನ್ನಾಗಿ ನೆನಪಿದೆ. ತಮ್ಮ ಅಪ್ಪ ಅಮ್ಮನ ಮದುವೆಯ ಐವತ್ತನೇ ವರ್ಷಕ್ಕೆ ಅವರು ಎರಡು ಅಂತಸ್ತಿನ ಕೇಕು ಹೇಳಿದ್ದರು. ಕಾರ್ಯಕ್ರಮದ ದಿನ ಬೆಳಿಗ್ಗೆ ಕಾರಿನಲ್ಲಿ ಬಂದಿಳಿದವರೇ, ಮೂರನೇ ಅಂತಸ್ತು ಬೇಕು, ಅದರ ಮೇಲೆ ಸಕ್ಕರೆಯ ಲಾರಿ ಬೇಕು, ಲಾರಿಗೆ ಲೈಟು ಹತ್ತಬೇಕು ಎಂದರು. ಎಂಥ ಬೇಸಿಗೆ ಅದು. ಫ್ರಿಜ್ಜಿನಿಂದ ಹೊರಗಿಟ್ಟರೆ ಕ್ರೀಮು ಬೆವರುತ್ತಿತ್ತು.

“ಆಗಂಗಿಲ್ರಿ,” ಎಂದರು ಅಕ್ಕ. “ಕೆಳಗಿನ ಕೇಕು ಎರಡು ಅಂತಸ್ತಿನ ಭಾರಕ್ಕಂತ ಮಾಡಿದ್ದು. ಮೂರನೇದು ಇಟ್ರ ಡ್ಯಾಮ್ ದಾಟೂದ್ರೊಳಗ ಕುಸೀತೈತಿ.”

“ನನ್ನ ಮನಿ ಕಾರ್ಯಕ್ರಮಕ್ಕ ಇಡೀ ಊರು ಬರ್ತೈತಿ. ಆಗಲ್ಲಂದ್ರ ಆರ್ಡರ್ ಕ್ಯಾನ್ಸಲ್ ಮಾಡ್ರಿ. ಇನ್ನೊಂದೇನಪಾ ಅಂದ್ರ, ನಮ್ಮ ಕಡೆಯವರು ಯಾರೂ ಈ ಅಂಗಡಿ ಮೆಟ್ಟಿಲು ಹತ್ತಂಗಿಲ್ಲ.”

ಆ ಕಡೆಯಿಂದ ನಮಗೆ ಬರುತ್ತಿದ್ದ ಆರ್ಡರುಗಳೇನು ಕಮ್ಮಿಯಲ್ಲ. ಅಕ್ಕ ಮಾತ್ರ ಸ್ಟೂಲನ್ನು ಎಳೆದು ಅವರ ಮುಂದಿಟ್ಟರು.

“ಕ್ಯಾನ್ಸಲ್ ಮಾಡೂನಂತ. ಮೊದಲು ಕುಂದ್ರಿ, ಚಾ ಕುಡೀರಿ. ಒಂದು ಮಾತು ಕೇಳ್ತೀನಿ, ನಿಮ್ಮ ಅಪ್ಪಾರಿಗೆ ಹಲ್ಲು ಅದಾವೇನ್ರಿ?”

ಅವರು ತಬ್ಬಿಬ್ಬಾದರು. “ನಾಕೈದು ಇರಬೇಕು. ಯಾಕ್ರಿ?”

“ಸಕ್ಕರಿ ಲಾರಿ ಕಡಿಯಾಕ ಅವು ಸಾಲಂಗಿಲ್ಲ, ಅದಕ್ಕ.”

ಸಿಟ್ಟಿನಲ್ಲಿದ್ದವರು ನಕ್ಕುಬಿಟ್ಟರು. ಆಗ ಅಕ್ಕ ಲಾರಿಯೇ ಯಾಕೆ ಎಂದು ಕೇಳಿದರು. ಚಹಾ ಆರಿಹೋಗುವವರೆಗೂ ಅವರು ಹೇಳುತ್ತಲೇ ಇದ್ದರು. ಅಪ್ಪ ಕೊಂಡ ಮೊದಲ ಲಾರಿಯನ್ನು ಅಪ್ಪನೇ ಓಡಿಸುತ್ತಿದ್ದನಂತೆ. ಹೊಸದಾಗಿ ಮದುವೆಯಾಗಿದ್ದ ಅಮ್ಮ ಬುತ್ತಿ ಕಟ್ಟಿಕೊಂಡು ಕ್ಯಾಬಿನ್ನಿನಲ್ಲಿ ಪಕ್ಕದಲ್ಲೇ ಕೂತು ಸಂಡೂರಿನ ಗುಡ್ಡ ಹತ್ತಿಳಿಯುತ್ತಿದ್ದಳಂತೆ. ಅಷ್ಟರಲ್ಲಿ ಓವನ್ನಿನ ಗಂಟೆ ಬಾರಿಸಿತೆಂದು ನಾನು ಒಳಗೆ ಹೋದೆ.

ಬಂದು ನೋಡುವಷ್ಟರಲ್ಲಿ ಅಕ್ಕ ಮೇಲಿನ ಅಂತಸ್ತಿನ ಗುಲಾಬಿಗಳನ್ನೆಲ್ಲ ಕೆರೆದು ತೆಗೆದಿದ್ದರು. ಆ ಜಾಗದಲ್ಲಿ ಕ್ರೀಮಿನಿಂದಲೇ ನೀಲಿ ಮೂತಿಯ ಹಳೇ ಲಾರಿಯೊಂದನ್ನು ಬಿಡಿಸುತ್ತಿದ್ದರು. ಕ್ಯಾಬಿನ್ನಿನ ಕಿಟಕಿಯಲ್ಲಿ ಎರಡು ತಲೆಗಳು, ಒಂದರ ಮೇಲೆ ಸೆರಗು. ಬಾಗಿಲ ಮೇಲೆ ‘ಗಂಗಮ’ ಎಂದು ಬರೆದಿದ್ದರು.

“ಅಕ್ಕ, ಒತ್ತು ಬಿಟ್ಟೀರಿ. ಗಂಗಮ್ಮ ಆಗಬೇಕು.”

“ಬಿಡಬೇಕಂತನ ಬಿಟ್ಟೀನಿ. ಆಗಿನ ಪೇಂಟರ್ ಲಾರಿ ಮ್ಯಾಲೆ ಇವರವ್ವನ ಹೆಸರು ಹಂಗ ಬರೆದಿದ್ನಂತ. ಇವರಪ್ಪ ತಿದ್ದಿಸಲಿಲ್ಲಂತ.”

ಅಂತಸ್ತು ಎರಡೇ ಉಳಿದವು. ಲಾರಿ ಮಾಲೀಕರು ಒಮ್ಮೆ ನೋಡಿ, ಹೋಗಿ ಕಾರಿನ ಬಾಗಿಲು ತೆರೆದರು. ಕಾರಿನ ಹಿಂದಿನ ಸೀಟಿನಲ್ಲಿ ಕೇಕು ಹಿಡಿದುಕೊಂಡು ಅವರ ಊರಿನವರೆಗೂ ಹೋದವಳು ನಾನೇ. ಪೆಂಡಾಲಿನಲ್ಲಿ ಡಬ್ಬದ ಮುಚ್ಚಳ ತೆಗೆದಾಗ ಆ ಅಜ್ಜಿ ಬಗ್ಗಿ, ಕನ್ನಡಕ ಸರಿಮಾಡಿಕೊಂಡು, ಬಾಗಿಲ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಓದಿದಳು. ಆಮೇಲೆ ಗಂಡನ ಕಡೆ ತಿರುಗಿ, “ಆ ಪೇಂಟರ್ ಇನ್ನೂ ಬದುಕ್ಯಾನೇನು?” ಎಂದಳು. ಅಜ್ಜ ನಗಲು ಹೋಗಿ ಅತ್ತುಬಿಟ್ಟ. ಮಗ ಮುಖ ಆಚೆ ತಿರುಗಿಸಿ ನಿಂತ. ಮೂರನೇ ಅಂತಸ್ತಿನ ಸುದ್ದಿಯನ್ನು ಆ ದಿನ ಯಾರೂ ಎತ್ತಲಿಲ್ಲ.

ಇದನ್ನು ಬಂದು ಹೇಳಿದಾಗ ಅಕ್ಕ ಹಿಗ್ಗಲಿಲ್ಲ. “ಜಾಸ್ತಿ ಕೇಳೋ ಮಂದಿ ಕೆಟ್ಟವರಲ್ಲಬೇ. ಏನು ಬೇಕಂತ ಅವರಿಗೇ ಗೊತ್ತಿರಂಗಿಲ್ಲ, ಅದಕ್ಕ ಎಲ್ಲಾ ಕೇಳ್ತಾರ” ಎಂದರು.

ನನ್ನ ಮದುವೆ ಕಂಪ್ಲಿಯಲ್ಲೇ ಆಯಿತು. ಅಕ್ಕಿ ಗಿರಣಿ ಇದ್ದ ಮನೆ. ರಸ್ತೆಗಿದ್ದ ಖಾಲಿ ಮಳಿಗೆಯಲ್ಲಿ ಕೇಕಿನ ಅಂಗಡಿ ತೆರೆಯುತ್ತೇನೆ ಎಂದಾಗ ಗಂಡ ಒಪ್ಪಿದರು, ಅತ್ತೆ ಒಪ್ಪಲಿಲ್ಲ. ನಾಲ್ಕು ದಿನ ಮನೆಯಲ್ಲಿ ಮಾತಿಲ್ಲ. ವಿಷಯ ತಿಳಿದು ಅಕ್ಕ ಬಸ್ಸು ಹತ್ತಿ ಬಂದರು. ಅತ್ತೆಯ ಮಂಚದ ತುದಿಯಲ್ಲಿ ಕೂತು, ನಿಮ್ಮದೇನಿದ್ದರೂ ಹೇಳಿರಿ ಎಂದರು.

“ಮೊಟ್ಟಿ ಒಳಗ ಬರಬಾರದು,” ಎಂದರು ಅತ್ತೆ.

ಅಕ್ಕ ಸ್ವಲ್ಪ ಹೊತ್ತು ಯೋಚಿಸಿ, “ಆಗ್ತೈತ್ರಿ. ಮೊಸರು ಹಾಕಿ ಮಾಡೂದು ಆಕಿಗೆ ಗೊತ್ತೈತಿ” ಎಂದರು.

“ದೀಪ ಹಚ್ಚೋ ಹೊತ್ತಿಗೆ ಅಂಗಡಿ ಮುಚ್ಚಬೇಕು.”

“ಅದು ಆಗಂಗಿಲ್ರಿ. ಮಂದಿ ಕೇಕು ಕೊಯ್ಯೋದ ದೀಪ ಹಚ್ಚಿದ ಮ್ಯಾಲೆ.”

ಅತ್ತೆಯ ಮುಖ ಗಂಟಾಯಿತು. ಅವರ ಮಾತಿಗೆ ಆ ಮನೆಯಲ್ಲಿ ಯಾರೂ ಎದುರಾಡಿದ್ದನ್ನು ನಾನು ಕಂಡಿರಲಿಲ್ಲ. ಅಕ್ಕ ಮಂಚದಿಂದ ಏಳಲಿಲ್ಲ. ದನಿ ತಗ್ಗಿಸಿ ಕೇಳಿದರು: “ಸಂಜಿ ಆಕಿ ಮನ್ಯಾಗ ಇರಲಿಲ್ಲಂದ್ರ ನಿಮಗೇನು ಕಷ್ಟ ಆಗ್ತೈತ್ರಿ?”

ಅತ್ತೆ ಹಾಸಿಗೆಯ ಸುಕ್ಕು ಸವರಿದರು. ಆಮೇಲೆ, “ಗಂಡಸರು ಗಿರಣಿಯಿಂದ ಬರೂತನ ನನಗ ಮಾತಾಡಾಕ ಯಾರದಾರ?” ಎಂದರು.

“ಹಂಗಂದ್ರ ನೀವೂ ಅಂಗಡ್ಯಾಗ ಕುಂದ್ರಿ. ನಿಮ್ಮಂಥವರು ಮುಂದ ಕುಂತ್ರ ಗಿರಾಕಿ ಬಾಯಿಗೆ ಬಂದಂಗ ಮಾತಾಡಂಗಿಲ್ಲ.”

ಅತ್ತೆ ಒಪ್ಪಿದ್ದು ಆ ವಾರದ ಕೊನೆಗೆ. ಈಗ ಸಂಜೆಯಾದರೆ ಮುಂದಿನ ಕುರ್ಚಿ ಅವರದೇ. ಹತ್ತಿರದ ಮೆಟ್ರಿ ಊರಿನಿಂದ ಬರುವ ಹೆಣ್ಣುಮಕ್ಕಳು ಕೇಕಿಗೆ ಕಾಯುತ್ತ ಅವರೊಂದಿಗೆ ಹರಟೆಗೆ ಕೂರುತ್ತಾರೆ. ನನ್ನ ಅಂಗಡಿ ನಡೆಯುತ್ತಿರುವುದು ಅಕ್ಕ ಬಸ್ಸು ಹತ್ತಿ ಬಂದ ಆ ಒಂದು ಮಧ್ಯಾಹ್ನದಿಂದ.

ಹೋದ ವರ್ಷ ಮಳೆಗಾಲ ಶುರುವಾಗುವಾಗ ಅಕ್ಕ ತೀರಿಕೊಂಡರು. ಎದೆನೋವು ಎಂದು ಬೆಳಿಗ್ಗೆ ಮಲಗಿದವರು ಏಳಲಿಲ್ಲ. ಫೋನು ಬಂದಾಗ ನಾನು ಕೈಯಲ್ಲಿದ್ದುದನ್ನು ಹಾಗೇ ಬಿಟ್ಟು ನಿಂತೆ. ಅತ್ತೆ ತಾವೇ ಎದ್ದು ಶಟರ್ ಎಳೆದರು. ಬಸ್ಸಿಗೆ ಕೂತರೆ ತಲೆ ತಿರುಗುತ್ತದೆಂದು ಬೀಗರ ಮನೆಗೂ ಹೋಗದವರು, ಅಂದು ನನಗಿಂತ ಮುಂಚೆ ಹೊಸಪೇಟೆಯ ಬಸ್ಸು ಹತ್ತಿದರು. ಕಾಲುವೆಯ ಗದ್ದೆಗಳನ್ನು ದಾಟಿದ ಮೇಲೆ ಕಿಟಕಿಯ ಕಡೆ ನೋಡುತ್ತಲೇ ಹೇಳಿದರು:

“ನಾನು ಹೇಳಿದ್ದಕ್ಕೆಲ್ಲ ಈ ಮನ್ಯಾಗ ಎಲ್ಲಾರೂ ಹೂಂ ಅಂದಾರ. ನಿನಗೇನು ಕಷ್ಟ ಐತಿ ಅಂತ ಕೇಳಿದಾಕಿ ಆಕಿ ಒಬ್ಬಾಕಿನ.”